ಸಂಶೋಧನಾ ಕಟ್ಟಡದಲ್ಲಿ ವಿಜ್ಞಾನದಿಂದ ನಡೆಯುವ ಬೆಳಕಿನ ಕಲಾಕೃತಿಯನ್ನು ಕಟ್ಟುವ ಬಗೆ

ಸಂಶೋಧನಾ ಕಟ್ಟಡದ ಪ್ರವೇಶಾಂಗಣದಲ್ಲಿ ಬೆಳಕಿನ ಕಲಾಕೃತಿಯೊಂದನ್ನು ಇಡಬೇಕೆಂದು ತೀರ್ಮಾನವಾದ ಕೂಡಲೇ ಸಮಿತಿಗಳು ಮೊದಲು ವಿಚಾರಿಸುವುದು ಯಾವ ದೀಪ, ಎಷ್ಟು ಎತ್ತರ, ಎಷ್ಟು ಖರ್ಚು ಎಂಬುದನ್ನೇ. ಇವುಗಳಿಗೆ ಉತ್ತರ ಬೇಕೇ ಬೇಕು. ಆದರೆ ಮಾತು ಇಲ್ಲಿಂದಲೇ ಶುರುವಾದರೆ ಕೊನೆಗೆ ಚಾವಣಿಯಿಂದ ತೂಗುವುದು ಬಣ್ಣ ಬದಲಿಸುವ ಡಿಎನ್‌ಎ ಸುರುಳಿ, ಇಲ್ಲವೇ ನಡುವೊಂದು ಚೆಂಡು ಮತ್ತು ಸುತ್ತ ಮೂರು ಉಂಗುರಗಳಿರುವ ಪರಮಾಣು. ಅಲ್ಲಿ ದಿನವೂ ಓಡಾಡುವ ಸಂಶೋಧಕರು ಅದನ್ನು ಒಂದು ವಾರ ತಲೆಯೆತ್ತಿ ನೋಡುತ್ತಾರೆ, ಆಮೇಲೆ ನೋಡುವುದನ್ನು ಬಿಡುತ್ತಾರೆ. ಹಾಗಾಗಿ ಕೆಲಸಕ್ಕೆ ಕೈಹಾಕುವ ಮುನ್ನ ಒಂದು ಪರೀಕ್ಷೆಯನ್ನು ಮಾಡಿಕೊಳ್ಳಬೇಕು: ಆಧಾರವಾಗಿ ಇಟ್ಟುಕೊಂಡ ವಿಜ್ಞಾನದ ಸಂಗತಿ ಬೇರೆ ರೀತಿಯಲ್ಲಿ ನಡೆಯುತ್ತಿದ್ದರೆ ಈ ಬೆಳಕಿನ ನಡವಳಿಕೆಯೂ ಬೇರೆಯಾಗುತ್ತಿತ್ತೇ? ಆಗುವುದಿಲ್ಲವೆಂದಾದರೆ ಕೈಯಲ್ಲಿರುವುದು ವಿಜ್ಞಾನದ ಚಿತ್ರವಿರುವ ಅಲಂಕಾರ ಮಾತ್ರ. ಅಲಂಕಾರ ತಪ್ಪೇನಲ್ಲ, ಆದರೆ ಅದಕ್ಕೆ ಈ ಮಾರ್ಗದರ್ಶಿಯ ಅಗತ್ಯವೂ ಇಲ್ಲ.

ಬೆಳಕಿನ ಭೌತಿಕ ಗುಣವೇ ಕೆಲಸ ಮಾಡಿದ ಕೃತಿಗೆ ಒಳ್ಳೆಯ ನಿದರ್ಶನ, ಓಲಾಫರ್ ಎಲಿಯಾಸನ್ 2003ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನ ಟರ್ಬೈನ್ ಹಾಲ್‌ನಲ್ಲಿ ಕಟ್ಟಿದ ಕೃತಕ ಸೂರ್ಯ. ಅಲ್ಲಿ ಬಳಸಿದ ದೀಪಗಳು ತೀರ ಕಿರಿದಾದ ತರಂಗಾಂತರದ ಹಳದಿಯನ್ನಷ್ಟೇ ಸೂಸುತ್ತಿದ್ದುದರಿಂದ ನೋಡುಗರ ಬಟ್ಟೆ, ಚರ್ಮ, ಕೂದಲು ಎಲ್ಲವೂ ಹಳದಿ ಮತ್ತು ಕಪ್ಪಿನ ಛಾಯೆಗಳಿಗೆ ಇಳಿದುಬಿಟ್ಟವು. ವಿವರಣಾ ಫಲಕವನ್ನು ಓದದವರಿಗೂ ಅದು ಕಣ್ಣಿಗೆ ತಟ್ಟುವ ಸಂಗತಿಯಾಗಿತ್ತು.

ಮೊದಲು ಪರಿಮಾಣ, ಆಮೇಲೆ ದೀಪ

ಕಟ್ಟಡದಲ್ಲಿರುವ ಪ್ರಯೋಗಾಲಯಗಳಿಗೆ ಹೋಗಿ "ನಿಮ್ಮ ಸಂಶೋಧನೆಯ ಸುಂದರವಾದ ಚಿತ್ರವೊಂದನ್ನು ಕೊಡಿ" ಎಂದು ಕೇಳಿದರೆ ಸಿಗುವುದು ಪತ್ರಿಕೆಯ ಮುಖಪುಟಕ್ಕೆಂದು ಬಣ್ಣ ಬಳಿದ ಚಿತ್ರ. "ನೀವು ದಿನವೂ ಅಳೆಯುವುದು ಏನನ್ನು, ಅದು ಎಷ್ಟು ಹೊತ್ತಿಗೆ ಬದಲಾಗುತ್ತದೆ, ಅದರಲ್ಲಿ ನಿಮಗೆ ಇಂದಿಗೂ ಅಚ್ಚರಿ ತರುವುದು ಯಾವುದು" ಎಂದು ಕೇಳುವುದು ಮೇಲು. ಈ ಮೂರರಲ್ಲಿ ನಡುವಿನದು ಎಲ್ಲರೂ ಮರೆಯುವ, ಆದರೆ ಎಲ್ಲವನ್ನೂ ನಿರ್ಧರಿಸುವ ಪ್ರಶ್ನೆ. ಪ್ರೋಟೀನಿನ ಮಡಿಕೆ ಕಣ್ಣಿಗೆ ಸಿಗದಷ್ಟು ವೇಗದ್ದು. ಹಿಮನದಿಯ ಚಲನೆ ಮೆಟ್ಟಿಲು ಹತ್ತಿ ಹೋಗುವವನಿಗೆ ಕಾಣದಷ್ಟು ನಿಧಾನದ್ದು. ಇಂಥವುಗಳ ಕಾಲವನ್ನು ಹಿಗ್ಗಿಸಬೇಕು ಇಲ್ಲವೇ ಕುಗ್ಗಿಸಬೇಕು, ಹಾಗೆ ಮಾಡಿದ್ದನ್ನು ಮುಚ್ಚಿಡದೆ ಹೇಳಲೂ ಬೇಕು. ಸೆಕೆಂಡುಗಳಿಂದ ಗಂಟೆಗಳವರೆಗಿನ ಅವಧಿಯಲ್ಲಿ ತಾನಾಗಿಯೇ ಬದಲಾಗುವ ಪರಿಮಾಣ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಎರಡನೆಯ ಎಚ್ಚರಿಕೆ ಬಣ್ಣದ ವಿಷಯದಲ್ಲಿ ಬೇಕು. ಜಲಜನಕದ ರೋಹಿತವನ್ನು, ಎಂದರೆ ಆ ಅನಿಲ ಸೂಸುವ ಬೇರೆ ಬೇರೆ ಬಣ್ಣದ ಗೆರೆಗಳನ್ನು, ಆಧರಿಸಿದ ಕೃತಿ ಎಂಬುದು ಮತ್ತೆ ಮತ್ತೆ ಬರುವ ಸಲಹೆ. ಬರಿಗಣ್ಣಿಗೆ ಕಾಣುವ ಅದರ ಮುಖ್ಯ ರೇಖೆಗಳು ನಾಲ್ಕು: 656, 486, 434 ಮತ್ತು 410 ನ್ಯಾನೋಮೀಟರ್. ಇವನ್ನು ಮಾಮೂಲಿ ಎಲ್‌ಇಡಿಗಳಿಂದ ತೋರಿಸಹೊರಟರೆ ಸಿಗುವುದು ರೇಖೆಯಲ್ಲ, ಸುಮಾರು 20ರಿಂದ 30 ನ್ಯಾನೋಮೀಟರ್ ಅಗಲದ ಪಟ್ಟೆ. ಹೊರಗಿನ ನೋಡುಗರಿಗೆ ವ್ಯತ್ಯಾಸ ತಿಳಿಯಲಾರದು. ಆದರೆ ಈ ಕಟ್ಟಡದ ನೋಡುಗರಲ್ಲಿ ಯಾರೋ ಒಬ್ಬರು ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಡಿಫ್ರಾಕ್ಷನ್ ಗ್ರೇಟಿಂಗ್ ಹಾಳೆಯನ್ನು ಕಣ್ಣಿಗೆ ಹಿಡಿದು ನೋಡಿಯೇ ನೋಡುತ್ತಾರೆ, ಮರುದಿನ ಊಟದ ಮೇಜಿನಲ್ಲಿ ಅದೇ ಮಾತಾಗುತ್ತದೆ. ರೇಖೆಯನ್ನೇ ತೋರಿಸಬೇಕಿದ್ದರೆ ಜಲಜನಕ ತುಂಬಿದ, ವಿದ್ಯುತ್ ಹಾಯಿಸಿದಾಗ ಹೊಳೆಯುವ ಡಿಸ್ಚಾರ್ಜ್ ಟ್ಯೂಬನ್ನು, ಅದಕ್ಕೆ ಬೇಕಾದ ಹೆಚ್ಚಿನ ವೋಲ್ಟೇಜಿನ ರಕ್ಷಣೆಯೊಂದಿಗೆ ಬಳಸಬೇಕು.

ಈ ಬರಹದ ಉಳಿದ ಭಾಗದಲ್ಲಿ ಒಂದೇ ಉದಾಹರಣೆಯನ್ನು ಕೊನೆತನಕ ಹಿಡಿದು ಹೋಗುತ್ತೇನೆ: ಕಟ್ಟಡವನ್ನು ಹಾದುಹೋಗುವ ಮ್ಯುವಾನ್‌ಗಳನ್ನು, ಎಂದರೆ ಎಲೆಕ್ಟ್ರಾನಿನಂಥವೇ ಆದರೆ ಅದಕ್ಕಿಂತ ಭಾರವಾದ ಕಣಗಳನ್ನು, ತೋರಿಸುವ ಬೆಳಕಿನ ಕಂಬಗಳು. ವಿಕ್ಟರ್ ಹೆಸ್ 1912ರಲ್ಲಿ ಬಲೂನಿನಲ್ಲಿ ಮೇಲೇರಿ, ಎತ್ತರಕ್ಕೆ ಹೋದಂತೆ ವಿಕಿರಣ ಹೆಚ್ಚುವುದನ್ನು ಅಳೆದು ಕಂಡುಕೊಂಡ ವಿಶ್ವಕಿರಣಗಳು (ಬಾಹ್ಯಾಕಾಶದಿಂದ ಬರುವ ವೇಗದ ಕಣಗಳು) ವಾಯುಮಂಡಲದ ಮೇಲ್ಪದರದ ಅಣುಗಳಿಗೆ ಬಡಿದಾಗ, ನೆಲದಿಂದ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಮ್ಯುವಾನ್‌ಗಳು ಹುಟ್ಟುತ್ತವೆ. ಅವುಗಳ ಸರಾಸರಿ ಆಯುಷ್ಯ 2.2 ಮೈಕ್ರೋಸೆಕೆಂಡ್. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ ಕ್ರಮಿಸಬಹುದಾದದ್ದು ಸುಮಾರು 660 ಮೀಟರ್ ಮಾತ್ರ, ಎಂದರೆ ಅವು ನೆಲ ಮುಟ್ಟಲೇಬಾರದು. ಆದರೂ ಮುಟ್ಟುತ್ತವೆ, ಏಕೆಂದರೆ ಆ ವೇಗದಲ್ಲಿ ಅವುಗಳ ಗಡಿಯಾರ ನಮ್ಮ ಲೆಕ್ಕಕ್ಕೆ ಬಹಳ ನಿಧಾನವಾಗಿ ನಡೆಯುತ್ತದೆ. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಅವು ಬೀಳುತ್ತಿರುತ್ತವೆ. ಹಾಗಾಗಿ 5 ಸೆಂಟಿಮೀಟರ್ ಉದ್ದಗಲದ ಒಂದು ಪತ್ತೆಫಲಕಕ್ಕೆ ನಿಮಿಷಕ್ಕೆ ಸುಮಾರು 25 ಸಿಗುತ್ತವೆ, ಎಂದರೆ ಸರಾಸರಿ 2.4 ಸೆಕೆಂಡಿಗೊಂದು. ಮನುಷ್ಯ ನಿಂತು ನೋಡುವ ಸಮಯಕ್ಕೆ ಇದಕ್ಕಿಂತ ಚೆನ್ನಾಗಿ ಹೊಂದುವ ಸಂಖ್ಯೆಯನ್ನು ಹುಡುಕುವುದು ಕಷ್ಟ. ಕಣ ಬಂದು ಫಲಕವನ್ನು ಹಾಯ್ದಾಗ ಒಂದು ಬೆಳಕಿನ ಹನಿ ಕಂಬದ ತುದಿಯಿಂದ ಬುಡಕ್ಕೆ ಇಳಿಯಬೇಕು: ಇಡೀ ಕೃತಿಯ ನಿಯಮ ಇಷ್ಟೇ. ಒಂದು ಪರಿಮಾಣಕ್ಕೆ ಬೆಳಕಿನ ಒಂದೇ ನಡವಳಿಕೆಯನ್ನು ಜೋಡಿಸುವುದು ಲೇಸು. ತಾಪಮಾನಕ್ಕೆ ಬಣ್ಣ, ಜನಸಂಚಾರಕ್ಕೆ ವೇಗ, ಇಂಟರ್‌ನೆಟ್ ಬಳಕೆಗೆ ಪ್ರಖರತೆ ಎಂದು ಮೇಲೆ ಮೇಲೆ ಹೇರಿದರೆ ನೋಡುಗನಿಗೆ ಯಾವುದೂ ಓದಲಾಗದು.

ಕಟ್ಟಡವನ್ನು ಅರಿಯುವುದು

ಸಾಮಾನ್ಯ ಕಚೇರಿಯ ಅಂಗಣಕ್ಕೂ ಸಂಶೋಧನಾ ಕಟ್ಟಡಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಇಲ್ಲಿ ಬೆಳಕೇ ಕೆಲವರ ಕೆಲಸಕ್ಕೆ ತೊಡಕಾಗಬಹುದು. ಚಿಪ್ ತಯಾರಿಕೆಯ ಲಿಥೋಗ್ರಫಿ ಕೋಣೆಗಳಲ್ಲಿ ಹಳದಿ ದೀಪ ಇರುವುದು ಅಲ್ಲಿನ ಫೋಟೋರೆಸಿಸ್ಟ್ ಎಂಬ ಬೆಳಕಿಗೆ ಸ್ಪಂದಿಸುವ ಲೇಪ ನೀಲಿ ಮತ್ತು ಅತಿನೇರಳೆ ಬೆಳಕಿಗೆ ಹಾಳಾಗುತ್ತದೆಂಬ ಕಾರಣಕ್ಕೆ; ಅಂಥ ಕೋಣೆಯ ಗಾಜಿನ ಕಿಟಕಿ ಅಂಗಣದ ಕಡೆಗಿದ್ದರೆ ನೀಲಿ ಕಂಬ ಅಲ್ಲಿಗೆ ಬೇಡವಾದ ಅತಿಥಿ. ಒಂದೊಂದೇ ಫೋಟಾನ್ ಎಣಿಸುವ ಪ್ರಯೋಗಗಳು, ಪ್ರತಿದೀಪ್ತಿ ಸೂಕ್ಷ್ಮದರ್ಶಕದ ಕತ್ತಲ ಕೋಣೆಗಳು, ಹಗಲು ರಾತ್ರಿಯ ಚಕ್ರವನ್ನು ಕಟ್ಟುನಿಟ್ಟಾಗಿ ಕಾಯುವ ಪ್ರಾಣಿಶಾಲೆ ಮತ್ತು ಸಸ್ಯಕೋಣೆಗಳು, ಇವೆಲ್ಲ ಎಲ್ಲಿವೆ, ಯಾವ ಬಾಗಿಲಿನ ಸಂದಿಯಿಂದ ಬೆಳಕು ಒಳಗೆ ಹೋಗಬಹುದು ಎಂಬುದನ್ನು ನಕ್ಷೆಯಲ್ಲಿ ಗುರುತು ಹಾಕಿಕೊಂಡು, ಆಯಾ ಪ್ರಯೋಗಾಲಯದವರೊಡನೆ ನೇರವಾಗಿ ಮಾತಾಡಬೇಕು. ಕಣ್ಣಿಗೆ ಕಾಣದ ತೊಡಕೂ ಒಂದಿದೆ. ಎಲ್‌ಇಡಿಗಳ ಪ್ರಖರತೆಯನ್ನು ಇಳಿಸುವುದು ಅವುಗಳನ್ನು ಸೆಕೆಂಡಿಗೆ ನೂರಾರು ಅಥವಾ ಸಾವಿರಾರು ಸಲ ಆರಿಸಿ ಹೊತ್ತಿಸುವ ಮೂಲಕ. ಉದ್ದನೆಯ ತಂತಿಗಳಲ್ಲಿ ಹೀಗೆ ಏರಿಳಿಯುವ ವಿದ್ಯುತ್ತು ಪಕ್ಕದ ಗೋಡೆಯಾಚೆ ನರಕೋಶಗಳ ಅತಿಸೂಕ್ಷ್ಮ ವಿದ್ಯುತ್ ಸಂಕೇತಗಳನ್ನು ಅಳೆಯುತ್ತಿರುವವರ ದಾಖಲೆಯಲ್ಲಿ ಗದ್ದಲವಾಗಿ ಕಾಣಿಸಿಕೊಳ್ಳಬಹುದು. ಧನ ಮತ್ತು ಋಣ ತಂತಿಗಳನ್ನು ಒಟ್ಟಿಗೆ ಹೆಣೆದು ಎಳೆಯುವುದು, ಪವರ್ ಸಪ್ಲೈಗಳನ್ನು ಲೋಹದ ಪೆಟ್ಟಿಗೆಯಲ್ಲಿಟ್ಟು ಅರ್ತಿಂಗ್ ಮಾಡುವುದು ಇದಕ್ಕೆ ಮೊದಲ ಮದ್ದು.

ಬೆಂಕಿಯ ಸುರಕ್ಷತೆಯ ವಿಚಾರದಲ್ಲಿ ಒಂದು ಸಣ್ಣ ಸಂಗತಿಯನ್ನು ಬಿಡಿಸಿ ಹೇಳಲೇಬೇಕು. ಎತ್ತರದ ಅಂಗಣಗಳಲ್ಲಿ ಹೊಗೆ ಪತ್ತೆಹಚ್ಚಲು ಚಾವಣಿಯ ಗುಂಡಿಯಂಥ ಸಾಧನಗಳ ಬದಲು ಒಂದು ಗೋಡೆಯಿಂದ ಎದುರು ಗೋಡೆಗೆ ಹಾಯುವ ಅವಕೆಂಪು ಕಿರಣವನ್ನು ಬಳಸುವುದುಂಟು. ಕಿರಣ ಮಸುಕಾದರೆ ಅಥವಾ ಕಡಿದರೆ ಸಾಧನ ಎಚ್ಚರಿಕೆ ಕೊಡುತ್ತದೆ. ಆ ಕಿರಣ ಕಣ್ಣಿಗೆ ಕಾಣದು, ವಾಸ್ತುಶಿಲ್ಪಿಯ ನಕ್ಷೆಯಲ್ಲಿ ಎಷ್ಟೋ ಸಲ ಇರುವುದೂ ಇಲ್ಲ. ಗೋಡೆಯ ಮೇಲ್ಭಾಗದಲ್ಲಿರುವ ಕಪ್ಪು ಮುಖದ ಪುಟ್ಟ ಪೆಟ್ಟಿಗೆಯನ್ನು ಹುಡುಕಿ, ಎದುರು ಗೋಡೆಯಲ್ಲಿ ಅದರ ಜೋಡಿಯನ್ನೋ ಪ್ರತಿಫಲಕವನ್ನೋ ಗುರುತಿಸಿ, ನಡುವೆ ದಾರ ಎಳೆದಂತೆ ಊಹಿಸಿಕೊಂಡು, ಗಾಳಿಗೆ ತುಸು ಓಲಾಡಿದರೂ ಯಾವ ಕಂಬವೂ ಆ ಗೆರೆಯ ಹತ್ತಿರ ಸುಳಿಯದಂತೆ ಜಾಗ ನಿಗದಿ ಮಾಡಬೇಕು. ಸ್ಪ್ರಿಂಕ್ಲರ್‌ಗಳ ನೀರು ಬೀಳುವ ದಾರಿ ಮತ್ತು ತುರ್ತು ನಿರ್ಗಮನದ ಫಲಕಗಳು ಮರೆಯಾಗಬಾರದು. ಕೇಬಲ್‌ಗಳು ಬೆಂಕಿಯಲ್ಲಿ ಕಡಿಮೆ ಹೊಗೆ ಬಿಡುವ, ಹ್ಯಾಲೊಜೆನ್ ರಹಿತ ಹೊದಿಕೆಯವಾಗಿರಬೇಕು.

ಹಗಲಿನ ಬೆಳಕನ್ನು ಯಾರೂ ಗಂಭೀರವಾಗಿ ಪರಿಗಣಿಸುವುದಿಲ್ಲ. ಗಾಜಿನ ಚಾವಣಿಯ ಕೆಳಗೆ ನಡುಹಗಲಿನಲ್ಲಿ ಸಾವಿರಾರು ಲಕ್ಸ್ ಪ್ರಕಾಶವಿರುತ್ತದೆ. ಅದರ ಎದುರು ಎಲ್‌ಇಡಿ ಕಂಬ ಬರೀ ಬಿಳಿ ಕೊಳವೆ. ಆಯ್ಕೆ ಎರಡೇ: ನೆರಳಿರುವ ಮೂಲೆಗೆ ಅಥವಾ ಮೆಟ್ಟಿಲಿನ ಬಾವಿಗೆ ಕೃತಿಯನ್ನು ಒಯ್ಯುವುದು, ಇಲ್ಲವೇ ಅದು ಸಂಜೆಯ ಕೃತಿ ಎಂದು ಒಪ್ಪಿಕೊಂಡು ಹಗಲಿನಲ್ಲಿ ಕಾಣುವ ಕೊಳವೆಯ ರೂಪವನ್ನೂ ಅಷ್ಟೇ ಅಕ್ಕರೆಯಿಂದ ವಿನ್ಯಾಸ ಮಾಡುವುದು. ಪ್ರಖರತೆಯನ್ನು ಏರಿಸಿ ಸೂರ್ಯನೊಡನೆ ಸ್ಪರ್ಧಿಸುವ ಮೂರನೆಯ ದಾರಿ ರಾತ್ರಿ ಹೊತ್ತು ಅಂಗಣದ ಎದುರು ಮೇಜು ಹಾಕಿಕೊಂಡು ಕುಳಿತವರ ಕಣ್ಣು ಕೋರೈಸುತ್ತದೆ.

ಪತ್ತೆಫಲಕ

ಮ್ಯುವಾನ್ ಪತ್ತೆಗೆ ಸುಲಭವಾದದ್ದು ಪ್ಲಾಸ್ಟಿಕ್ ಸಿಂಟಿಲೇಟರ್. ವಿದ್ಯುದಾವೇಶವಿರುವ ಕಣ ಅದನ್ನು ಹಾಯ್ದಾಗ ಪ್ಲಾಸ್ಟಿಕ್ಕಿನೊಳಗೆ ನಸುನೀಲಿ ಬೆಳಕಿನ ಮಿಂಚೊಂದು ಕೆಲವೇ ನ್ಯಾನೋಸೆಕೆಂಡುಗಳ ಕಾಲ ಹೊಳೆಯುತ್ತದೆ. ಅದನ್ನು ಸಿಲಿಕಾನ್ ಫೋಟೋಮಲ್ಟಿಪ್ಲಯರ್ ಎಂಬ ಉಗುರಿನಗಲದ ಚಿಪ್ ವಿದ್ಯುತ್ ಮಿಡಿತವಾಗಿ ಬದಲಿಸುತ್ತದೆ. ಫಲಕದ ಒಂದು ಮುಖಕ್ಕೆ ಪಾರದರ್ಶಕ ಆಪ್ಟಿಕಲ್ ಗ್ರೀಸ್ ಸವರಿ ಚಿಪ್ಪನ್ನು ಒತ್ತಿ ಕೂರಿಸಬೇಕು, ನಡುವೆ ಗಾಳಿಗುಳ್ಳೆ ಉಳಿಯಬಾರದು. ಉಳಿದ ಮೈಗೆ ಮೊದಲು ಬೆಳಕನ್ನು ಹಿಂದಿರುಗಿಸುವ ಅಲ್ಯುಮಿನಿಯಮ್ ಹಾಳೆ, ಅದರ ಮೇಲೆ ಕಪ್ಪು ಇನ್ಸುಲೇಶನ್ ಟೇಪಿನ ಎರಡು ಮೂರು ಸುತ್ತು. ಸುತ್ತಿದ್ದು ಸರಿಯಾಗಿದೆಯೇ ಎಂದು ನೋಡಲು ಕೋಣೆಯ ದೀಪ ಆರಿಸಿ, ಟಾರ್ಚನ್ನು ಮೂಲೆಗಳ ಮೇಲೆ ನಿಧಾನವಾಗಿ ಆಡಿಸಬೇಕು; ಎಣಿಕೆ ಏರಿದರೆ ಆ ಮೂಲೆಯಲ್ಲಿ ಬೆಳಕು ನುಸುಳುತ್ತಿದೆ ಎಂದು ಅರ್ಥ. ಸಾಮಾನ್ಯವಾಗಿ ಸೋರುವುದು ತಂತಿ ಹೊರಬರುವ ಜಾಗದಲ್ಲೇ.

ಒಂದೇ ಫಲಕವಿದ್ದರೆ ಕಟ್ಟಡದ ಕಾಂಕ್ರೀಟಿನಿಂದ ಬರುವ ಸಹಜ ಗಾಮಾ ಕಿರಣಗಳೂ ಎಣಿಕೆಗೆ ಸೇರಿಬಿಡುತ್ತವೆ. ಎರಡು ಫಲಕಗಳನ್ನು ಒಂದರ ಮೇಲೊಂದು ಇಟ್ಟು, ಎರಡೂ ಒಟ್ಟಿಗೇ ಮಿಡಿದಾಗ ಮಾತ್ರ ಎಣಿಸಿದರೆ ಉಳಿಯುವುದು ಬಹುಪಾಲು ಮ್ಯುವಾನ್‌ಗಳು. ಫಲಕಗಳ ನಡುವಿನ ಅಂತರ ಹೆಚ್ಚಿದಷ್ಟೂ ಓರೆಯಾಗಿ ಬರುವ ಕಣಗಳು ತಪ್ಪಿಹೋಗಿ ಎಣಿಕೆ ಇಳಿಯುತ್ತದೆ. ಹಾಗಾಗಿ ಮೇಲೆ ಹೇಳಿದ ನಿಮಿಷಕ್ಕೆ 25ರ ಲೆಕ್ಕವನ್ನು ಉಳಿಸಿಕೊಳ್ಳಬೇಕೆಂದರೆ ಫಲಕಗಳು ತುಸು ದೊಡ್ಡವಾಗಿರಲಿ, ತೀರ ಹತ್ತಿರವಿರಲಿ. ಫಲಕಗಳನ್ನಿಟ್ಟ ಪತ್ತೆಪೆಟ್ಟಿಗೆಯನ್ನು ಬಿಸಿಲು ಬೀಳುವ ತಾರಸಿಯ ಮೇಲಿಡುವುದು ಬೇಡ, ಏಕೆಂದರೆ ಸಿಲಿಕಾನ್ ಚಿಪ್ಪಿನ ಸಂವೇದನೆ ತಾಪಮಾನದೊಂದಿಗೆ ಬದಲಾಗುತ್ತದೆ. ಮೇಲಿನ ಅಂತಸ್ತಿನ ತಂಪಾದ ಕಪಾಟು ಸಾಕು. ನೆಲಮಟ್ಟದಲ್ಲಿ ಮ್ಯುವಾನ್‌ಗಳ ಸರಾಸರಿ ಶಕ್ತಿ ಸುಮಾರು 4 ಜಿಇವಿ (ಕಣಗಳ ಶಕ್ತಿಯನ್ನು ಅಳೆಯುವ ಮಾನ) ಇರುವುದರಿಂದ ಒಂದೆರಡು ಕಾಂಕ್ರೀಟ್ ಚಪ್ಪಡಿಗಳು ಅವುಗಳಿಗೆ ಲೆಕ್ಕಕ್ಕೇ ಇಲ್ಲ.

ಕಂಬ, ತಂತಿ, ವಿದ್ಯುತ್ತು

ಕಂಬವೊಂದು 18 ಮೀಟರ್ ಎತ್ತರದ್ದು, ಮೀಟರಿಗೆ 30 ಎಲ್‌ಇಡಿ ಎಂದಿಟ್ಟುಕೊಳ್ಳೋಣ, ಒಟ್ಟು 540. ಪ್ರತಿ ಎಲ್‌ಇಡಿಯನ್ನೂ ಬೇರೆ ಬೇರೆಯಾಗಿ ನಿಯಂತ್ರಿಸಬಹುದಾದ ಸ್ಟ್ರಿಪ್‌ಗಳಲ್ಲಿ ಎಲ್ಲೆಡೆ ಸಿಗುವ 5 ವೋಲ್ಟಿನ ಡಬ್ಲ್ಯುಎಸ್2812ಬಿ ಎಂಬ ಮಾದರಿ ಪೂರ್ಣ ಬಿಳಿಯಲ್ಲಿ ಒಂದಕ್ಕೆ 60 ಮಿಲಿಆಂಪಿಯರ್‌ವರೆಗೆ ಎಳೆಯುತ್ತದೆ. ಎಲ್ಲವೂ ಒಟ್ಟಿಗೆ ಹೊತ್ತಿದರೆ 32.4 ಆಂಪಿಯರ್, 162 ವಾಟ್. ಹನಿಯೊಂದು ಇಳಿಯುವಾಗ ಹೊತ್ತಿರುವುದು ಇಪ್ಪತ್ತು ಮೂವತ್ತು ಮಾತ್ರವಾದರೂ ತಂತ್ರಾಂಶದ ಒಂದು ದೋಷ ಎಲ್ಲವನ್ನೂ ಹೊತ್ತಿಸಬಲ್ಲದು, ಹಾಗಾಗಿ ತಂತಿಯ ದಪ್ಪವನ್ನೂ ಫ್ಯೂಸನ್ನೂ ಪೂರ್ಣ ಹೊರೆಗೇ ಲೆಕ್ಕ ಹಾಕಬೇಕು. ಒಂದೇ ತುದಿಯಿಂದ ವಿದ್ಯುತ್ ಕೊಟ್ಟರೆ ದೂರದ ತುದಿಯಲ್ಲಿ ವೋಲ್ಟೇಜ್ ಕುಸಿದು, ಹೆಚ್ಚು ವೋಲ್ಟೇಜ್ ಬೇಡುವ ನೀಲಿ ಮತ್ತು ಹಸಿರು ಮೊದಲು ಸೊರಗಿ ಬಿಳಿ ಕೆಂಪಾಗುತ್ತ ಹೋಗುತ್ತದೆ. ಬಣ್ಣ ಹೀಗೆ ವಾಲಿದ್ದು ಕಂಡರೆ ತಂತ್ರಾಂಶವನ್ನು ತಡಕಾಡುವ ಬದಲು ಮಲ್ಟಿಮೀಟರ್ ಹಿಡಿಯಬೇಕು. ಎರಡು ಮೀಟರಿನ ತುಂಡುಗಳಾಗಿ ಕಂಬವನ್ನು ಕಟ್ಟಿ, ಪ್ರತಿ ತುಂಡಿಗೂ ದಪ್ಪ ತಂತಿಯಿಂದ ವಿದ್ಯುತ್ ಕವಲು ಕೊಡುವುದು ಸರಿಯಾದ ಕ್ರಮ.

ನನ್ನ ಮಟ್ಟಿಗೆ ಇಂಥ ಎತ್ತರಕ್ಕೆ 12 ವೋಲ್ಟಿನ ಡಬ್ಲ್ಯುಎಸ್2815 ವಾಸಿ. ವೋಲ್ಟೇಜ್ ಕುಸಿತ ಅಷ್ಟಾಗಿ ಕಾಡುವುದಿಲ್ಲ ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾಗಿ ಅದರಲ್ಲಿ ಎರಡನೆಯ ದತ್ತಾಂಶ ತಂತಿಯೊಂದಿದೆ, ನಡುವೆ ಒಂದು ಎಲ್‌ಇಡಿ ಸತ್ತರೂ ಮುಂದಿನವು ನಡೆಯುತ್ತವೆ. ಡಬ್ಲ್ಯುಎಸ್2812ಬಿಯಲ್ಲಾದರೆ ಸತ್ತ ಎಲ್‌ಇಡಿಯಿಂದ ಕೆಳಗಿನ ಕಂಬವೆಲ್ಲ ಕತ್ತಲು. ಹದಿನೈದು ಮೀಟರ್ ಎತ್ತರದಲ್ಲಿ ಎರಡು ಬೆರಳಗಲದ ರಿಪೇರಿಗೆ ಅಟ್ಟಣಿಗೆ ಕಟ್ಟಿಸಬೇಕಾಗುವುದನ್ನು ನೆನೆದರೆ ಬೆಲೆಯ ವ್ಯತ್ಯಾಸ ದೊಡ್ಡದೆನಿಸುವುದಿಲ್ಲ. ಕಂಬವನ್ನು ನೆಲಕ್ಕೆ ಇಳಿಸಬಲ್ಲ ವಿಂಚ್ ಇದ್ದರಂತೂ ಇನ್ನೂ ಒಳ್ಳೆಯದು.

ದತ್ತಾಂಶದ ತಂತಿಯ ಬಗ್ಗೆ ಎರಡು ಮಾತು. ಈ ಚಿಪ್‌ಗಳಿಗೆ ಒಂದೊಂದು ಎಲ್‌ಇಡಿಯ 24 ಬಿಟ್ ಮಾಹಿತಿ ಕಳಿಸಲು 30 ಮೈಕ್ರೋಸೆಕೆಂಡ್ ಬೇಕು, 540ಕ್ಕೆ 16.2 ಮಿಲಿಸೆಕೆಂಡ್, ಎಂದರೆ ಸೆಕೆಂಡಿಗೆ ಸುಮಾರು 60 ಚೌಕಟ್ಟುಗಳು. ಚಲನೆ ನಯವಾಗಿರಲು ಇದು ಸಾಕು, ಆದರೆ ಎರಡು ಕಂಬಗಳನ್ನು ಒಂದೇ ಸರಣಿಯಲ್ಲಿ ಜೋಡಿಸಿದರೆ ಅರ್ಧಕ್ಕಿಳಿಯುತ್ತದೆ. ಕಂಬಕ್ಕೊಂದು ದತ್ತಾಂಶದ ತಂತಿ ಇರಲಿ. ಎಲ್‌ಇಡಿಗಳಿಗೆ ಆಜ್ಞೆ ಕೊಡುವ ಮೈಕ್ರೋಕಂಟ್ರೋಲರ್‌ನ 3.3 ವೋಲ್ಟಿನ ಸಂಕೇತವನ್ನು 5 ವೋಲ್ಟಿಗೆ ಏರಿಸುವ ಲೆವೆಲ್ ಶಿಫ್ಟರ್ ಇಲ್ಲದೆಯೂ ಮೇಜಿನ ಮೇಲೆ ಎಲ್ಲವೂ ನಡೆಯುತ್ತದೆ, ಚಾವಣಿಗೆ ಏರಿಸಿದ ಮೇಲೆ ಕೈಕೊಡುತ್ತದೆ. ನಿಯಂತ್ರಕ ದೂರದಲ್ಲಿದ್ದರೆ ನಡುವಿನ ಹಾದಿಗೆ ಆರ್‌ಎಸ್-485ರಂಥ ಜೋಡಿತಂತಿಯ ಸಂಕೇತವನ್ನು ಬಳಸಿ, ಕಂಬದ ತಲೆಯಲ್ಲಿ ಮರಳಿ ಬದಲಿಸಿಕೊಳ್ಳಬೇಕು.

ಎಲ್‌ಇಡಿಗಳು ಚುಕ್ಕೆ ಚುಕ್ಕೆಯಾಗಿ ಕಾಣಬಾರದೆಂದರೆ ಅವುಗಳಿಗೂ ಬೆಳಕನ್ನು ಹರಡುವ ಹಾಲುಬಣ್ಣದ ಡಿಫ್ಯೂಸರ್‌ಗೂ ನಡುವೆ ಕನಿಷ್ಠ ಎರಡು ಎಲ್‌ಇಡಿಗಳ ನಡುವಿನಷ್ಟೇ ಅಂತರ ಇರಬೇಕು. ಮೀಟರಿಗೆ 30 ಇದ್ದಾಗ ಅದು 33 ಮಿಲಿಮೀಟರ್. ಒಳಗೋಡೆಗೆ ಸ್ಟ್ರಿಪ್ ಅಂಟಿಸಿದ, ಸುಮಾರು 50 ಮಿಲಿಮೀಟರ್ ವ್ಯಾಸದ ಕೊಳವೆ ಈ ಲೆಕ್ಕಕ್ಕೆ ಹೊಂದುತ್ತದೆ. ಅಕ್ರಿಲಿಕ್ ನೋಡಲು ಚೆಂದ, ಆದರೆ ಸುಲಭವಾಗಿ ಉರಿಯುತ್ತದೆ. ಪಾಲಿಕಾರ್ಬೊನೇಟ್ ಬೆಂಕಿಗೆ ಹೆಚ್ಚು ತಡೆಯುತ್ತದೆ, ಆದರೆ ಅತಿನೇರಳೆ ರಕ್ಷಣೆಯಿಲ್ಲದ್ದು ಬಿಸಿಲಿಗೆ ಹಳದಿಯಾಗುತ್ತದೆ. ಕೊಳವೆಯ ಎರಡೂ ತುದಿಗಳನ್ನು ಬಿಗಿಯಾಗಿ ಮುಚ್ಚದಿದ್ದರೆ ಬೆಳಕಿಗೆ ಬರುವ ಹುಳುಗಳು ಒಳಗೆ ಸತ್ತು ಬಿದ್ದು, ಕೆಳಗಿನ ತುಂಡಿನಲ್ಲಿ ಕಪ್ಪು ಚುಕ್ಕೆಗಳ ರಾಶಿಯಾಗುತ್ತವೆ.

ತೂಗುಹಾಕುವ ಕೆಲಸ ಕಲಾವಿದರದ್ದೂ ಅಲ್ಲ, ಭೌತವಿಜ್ಞಾನಿಗಳದ್ದೂ ಅಲ್ಲ. ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್‌ರ ಸಹಿ ಬೇಕು. ಜನರ ತಲೆಯ ಮೇಲೆ ತೂಗುವ ಪ್ರತಿಯೊಂದಕ್ಕೂ ಮುಖ್ಯ ತಂತಿಯಿಂದ ಬೇರೆಯಾದ, ಬೇರೆ ಕೊಕ್ಕೆಗೆ ಕಟ್ಟಿದ ಎರಡನೆಯ ಉಕ್ಕಿನ ತಂತಿ ಇರಲೇಬೇಕು.

ಬೆಳಕಿನ ನಡವಳಿಕೆ

ಕೃತಿಯ ಗುಣ ನಿರ್ಧಾರವಾಗುವುದು ಇಲ್ಲಿ. ಮ್ಯುವಾನ್‌ಗಳು ಸರಾಸರಿ 2.4 ಸೆಕೆಂಡಿಗೊಂದು ಬಂದರೂ ತಾಳ ಹಾಕಿದಂತೆ ಬರುವುದಿಲ್ಲ. ಒಂದರ ಬರವು ಇನ್ನೊಂದಕ್ಕೆ ಸಂಬಂಧಿಸಿದ್ದಲ್ಲವಾದ್ದರಿಂದ ಅವುಗಳ ನಡುವಿನ ಬಿಡುವು ಘಾತೀಯ ವಿತರಣೆಯನ್ನು ಅನುಸರಿಸುತ್ತದೆ: ಚಿಕ್ಕ ಬಿಡುವುಗಳೇ ಹೆಚ್ಚು, ನಡುನಡುವೆ ತೀರ ಉದ್ದನೆಯವು. ನೂರರಲ್ಲಿ ಐದು ಬಿಡುವುಗಳು 7 ಸೆಕೆಂಡಿಗೂ ಮೀರಿರುತ್ತವೆ, ಒಂಬತ್ತೋ ಹತ್ತೋ ಬಿಡುವುಗಳು ಕಾಲು ಸೆಕೆಂಡಿಗಿಂತಲೂ ಕಡಿಮೆ. ಉದ್ಘಾಟನೆಗೆ ಬಂದ ಗಣ್ಯರ ಮುಂದೆ ಕಂಬ ಹತ್ತು ಸೆಕೆಂಡು ಕತ್ತಲಾಗಿ ನಿಂತರೆ "ಕೆಟ್ಟಿದೆಯೇ?" ಎಂಬ ಪ್ರಶ್ನೆ ಬರುತ್ತದೆ, ಎಣಿಕೆಯನ್ನು ಸಮಗೊಳಿಸಿ ಎಂಬ ಒತ್ತಾಯವೂ ಬರುತ್ತದೆ. ಅದಕ್ಕೆ ಮಣಿಯಬಾರದು. ಆ ಅನಿಯಮಿತತೆಯೇ ಇಲ್ಲಿ ತೋರಿಸಬೇಕಾದ ವಿಜ್ಞಾನ, ಮತ್ತು ಸಂಜೆ ಕಾಫಿ ಹಿಡಿದು ನಿಂತ ಯಾರೋ ವಿದ್ಯಾರ್ಥಿ ಫೋನಿನಲ್ಲಿ ಬಿಡುವುಗಳನ್ನು ಅಳೆದು ಗ್ರಾಫ್ ಹಾಕುವ ಸಂಭವ ಇಂಥ ಕಟ್ಟಡದಲ್ಲಿ ಸಣ್ಣದೇನಲ್ಲ.

ಆದರೆ ಅನಿಯಮಿತತೆಗೆ ಒಂದು ಅಪಾಯವೂ ಅಂಟಿಕೊಂಡಿದೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಬಲವಾಗಿ ಮಿನುಗುವ ಬೆಳಕು ಬೆಳಕಿನ ಸಂವೇದನೆಯುಳ್ಳ ಮೂರ್ಛೆರೋಗಿಗಳಿಗೆ ಅಪಾಯಕಾರಿ ಎಂಬುದು ಒಪ್ಪಿತ ಮಿತಿ. ಮೇಲಿನ ದರದಲ್ಲಿ ನೂರು ಸೆಕೆಂಡುಗಳಲ್ಲಿ ಸುಮಾರು ಒಂದರಲ್ಲಿ ಮೂರು ಅಥವಾ ಹೆಚ್ಚು ಮ್ಯುವಾನ್‌ಗಳು ಬರುತ್ತವೆ; ಐದಾರು ಕಂಬಗಳಿಗೆ ಒಂದೊಂದು ಪತ್ತೆಪೆಟ್ಟಿಗೆ ಇದ್ದರೆ ಅಂಗಣದಲ್ಲಿ ಒಟ್ಟಾರೆ ಇದು ಪದೇ ಪದೇ ಆಗುವ ಸಂಗತಿ. ಎಣಿಕೆಯನ್ನು ಕತ್ತರಿಸದೆ ಇದನ್ನು ನಿಭಾಯಿಸುವ ದಾರಿ, ಹನಿ ಹುಟ್ಟುವುದನ್ನೇ ಮೆತ್ತಗೆ ಮಾಡುವುದು: ತುದಿಯಲ್ಲಿ ಅರ್ಧ ಸೆಕೆಂಡಿನಲ್ಲಿ ಏರಿ, ಮೂರು ಸೆಕೆಂಡಿನಲ್ಲಿ ಕಂಬ ಇಳಿದು, ಹಿಂದೆ ಬಾಲವನ್ನು ನಿಧಾನವಾಗಿ ಆರಿಸುತ್ತ ಹೋಗುವ ಹನಿ. ಆಗ ಒಂದರ ಹಿಂದೊಂದು ಬಂದರೂ ಒಂದೇ ಕಂಬದಲ್ಲಿ ಎರಡು ಮೂರು ಹನಿಗಳು ಜೊತೆಯಾಗಿ ಇಳಿಯುತ್ತವೆಯೇ ಹೊರತು ಅಂಗಣ ಮಿನುಗುವುದಿಲ್ಲ.

ಬಾಲ ಆರುವ ಬಗೆಯನ್ನು ಕಣ್ಣಿನ ಲೆಕ್ಕಕ್ಕೆ ಬರೆಯಬೇಕು. ಕಣ್ಣು ಪ್ರಖರತೆಯನ್ನು ನೇರ ಅನುಪಾತದಲ್ಲಿ ಗ್ರಹಿಸುವುದಿಲ್ಲ. ಪೂರ್ಣ ಬೆಳಕಿನ ಸುಮಾರು 22 ಶೇಕಡಾ ಇದ್ದಾಗಲೇ ಅದು "ಅರ್ಧ" ಎನಿಸುತ್ತದೆ. ಬೇಕಾದ ಮಟ್ಟವನ್ನು 0ರಿಂದ 1ರ ನಡುವಿನ ಸಂಖ್ಯೆಯಾಗಿಟ್ಟು ಅದರ 2.2ನೆಯ ಘಾತವನ್ನು ಎಲ್‌ಇಡಿಗೆ ಕಳಿಸಿದರೆ ಇಳಿತ ಸಮನಾಗಿ ಕಾಣುತ್ತದೆ. ಆದರೂ ಕತ್ತಲ ಅಂಗಣದಲ್ಲಿ ಒಂದು ಕಿರಿಕಿರಿ ಉಳಿಯುತ್ತದೆ: 256 ಮಟ್ಟಗಳಲ್ಲಿ ಕೊನೆಯ ಮೂರು, ಎರಡು, ಒಂದು, ಸೊನ್ನೆ ಇವುಗಳ ನಡುವಿನ ಜಿಗಿತ ಮೆಟ್ಟಿಲು ಮೆಟ್ಟಿಲಾಗಿ ಕಣ್ಣಿಗೆ ಬೀಳುತ್ತದೆ. ತಂತ್ರಾಂಶದಲ್ಲಿ 16 ಬಿಟ್ ಲೆಕ್ಕವಿಟ್ಟು, ಉಳಿಕೆಯನ್ನು ಮುಂದಿನ ಚೌಕಟ್ಟಿಗೆ ದಾಟಿಸುವುದು ಒಂದು ಉಪಾಯ. ಅದಕ್ಕಿಂತ ಸರಳವಾದದ್ದು ಕೊಳವೆಯೊಳಗೆ ಬೂದು ಫಿಲ್ಟರ್ ಹಾಳೆಯ ಒಂದು ಪದರ ಸುತ್ತುವುದು. ಎಲ್‌ಇಡಿ ಹೆಚ್ಚಿನ ಮಟ್ಟದಲ್ಲೇ ನಡೆಯುತ್ತದೆ, ಮಂಕಾಗಿಸುವ ಕೆಲಸವನ್ನು ಹಾಳೆ ಮಾಡುತ್ತದೆ, ಜಿಗಿತಗಳು ಕಣ್ಣಿನ ಮಿತಿಗಿಂತ ಕೆಳಗೆ ಹೋಗುತ್ತವೆ. ತಂತ್ರಾಂಶ ಬರೆಯುವವರಿಗೆ ಈ ಉಪಾಯ ಹೊಳೆಯುವುದು ಅಪರೂಪ.

ಬಣ್ಣಕ್ಕೂ ಕಾರಣ ಇರಲಿ. ಸಿಂಟಿಲೇಟರ್‌ನೊಳಗಿನ ಮಿಂಚಿನ ಬೆಳಕು ಸುಮಾರು 425 ನ್ಯಾನೋಮೀಟರ್‌ನ ನೀಲಿನೇರಳೆ. ಸ್ಟ್ರಿಪ್‌ಗಳಲ್ಲಿನ ನೀಲಿ ಇರುವುದು 465ರ ಆಸುಪಾಸಿನಲ್ಲಿ. ಪೂರ್ತಿ ಹೊಂದದಿದ್ದರೂ ಇದು ಎಲ್ಲಿಂದಲೋ ತಂದ ಬಣ್ಣವಲ್ಲ. ಬಾಲಕ್ಕೆ ನೀಲಿ ಇಟ್ಟು ಹನಿಯ ತಲೆಗೆ ತುಸು ಬಿಳಿ ಬೆರೆಸಿದರೆ ದೂರದಿಂದಲೂ ಗೆರೆ ಸ್ಪಷ್ಟವಾಗಿರುತ್ತದೆ.

ಪತ್ತೆಪೆಟ್ಟಿಗೆಯಿಂದ ಸಂಕೇತ ನಿಂತುಹೋದರೆ ಕಂಬ ಏನು ಮಾಡಬೇಕೆಂಬುದನ್ನು ಮೊದಲೇ ತೀರ್ಮಾನಿಸಬೇಕು. ಹಳೆಯ ದಾಖಲೆಯನ್ನು ಓಡಿಸಿ ಜೀವಂತವೆಂಬಂತೆ ತೋರಿಸುವುದು ಸುಲಭ, ಅಷ್ಟೇ ಅಪ್ರಾಮಾಣಿಕ. ಬುಡದ ನಾಲ್ಕು ಎಲ್‌ಇಡಿಗಳು ಮಾತ್ರ ಮಂದವಾಗಿ ಸ್ಥಿರವಾಗಿ ಉರಿಯುತ್ತಿರಲಿ. ನೋಡಿಕೊಳ್ಳುವವರಿಗೆ ಅದು ಸೂಚನೆಯೂ ಆಗುತ್ತದೆ.

ಪೂರ್ತಿ ಕಂಬಗಳನ್ನು ಕಟ್ಟುವ ಮುನ್ನ ಎರಡು ಮೀಟರಿನ ಒಂದೇ ತುಂಡನ್ನು ನಿಜವಾದ ಜಾಗದಲ್ಲಿ ಕೆಲವು ವಾರ ತೂಗುಹಾಕಬೇಕು. ಅಕ್ಕಪಕ್ಕದ ಪ್ರಯೋಗಾಲಯಗಳ ದೂರುಗಳು, ಮೇಜುಗಳಿಗೆ ಬೀಳುವ ಪ್ರತಿಫಲನ, ಫೋನಿನ ಕ್ಯಾಮೆರಾದಲ್ಲಿ ಮೂಡುವ ಪಟ್ಟೆಗಳು, ವಿದ್ಯುತ್ ಹೋಗಿ ಬಂದಾಗ ತಾನಾಗಿ ಮತ್ತೆ ಶುರುವಾಗುತ್ತದೆಯೇ ಎಂಬುದು, ಎಲ್ಲವೂ ಆಗಲೇ ಗೊತ್ತಾಗುತ್ತವೆ.

ವಿವರಣಾ ಫಲಕ ಮತ್ತು ಹಸ್ತಾಂತರ

ವಿವರಣಾ ಫಲಕದಲ್ಲಿ ಕೃತಿ ಎಲ್ಲಿ ನಿಜದಿಂದ ಸರಿದಿದೆ ಎಂಬುದನ್ನೂ ಬರೆಯಬೇಕು. ನಿಜವಾದ ಮ್ಯುವಾನ್ 18 ಮೀಟರನ್ನು ಸುಮಾರು 60 ನ್ಯಾನೋಸೆಕೆಂಡಿನಲ್ಲಿ ದಾಟುತ್ತದೆ. ನಮ್ಮ ಹನಿ ತೆಗೆದುಕೊಳ್ಳುವುದು 3 ಸೆಕೆಂಡ್, ಎಂದರೆ ಕಾಲವನ್ನು 5 ಕೋಟಿ ಪಟ್ಟು ಹಿಗ್ಗಿಸಲಾಗಿದೆ. ಕಣ ಹಾಯ್ದದ್ದು ಮೇಲಂತಸ್ತಿನ ಕಪಾಟಿನಲ್ಲಿರುವ ಪೆಟ್ಟಿಗೆಯನ್ನು, ಕಂಬವನ್ನಲ್ಲ. ಅದು ಬಂದದ್ದು ನೆಟ್ಟಗೆ ಮೇಲಿನಿಂದಲೇ ಆಗಿರಬೇಕೆಂದೂ ಇಲ್ಲ. ಈ ಮೂರು ಸಂಗತಿಗಳನ್ನು ಹೇಳಿದ ಮೇಲೆ ಸ್ಫೂರ್ತಿ, ಬೆಸುಗೆ, ಸೇತುವೆ ಎಂಬ ಮಾತುಗಳಿಗೆ ಫಲಕದಲ್ಲಿ ಜಾಗ ಉಳಿಯದಿದ್ದರೆ ನಷ್ಟವಿಲ್ಲ.

ಎಲ್‌ಇಡಿಗಳ ಆಯುಷ್ಯವನ್ನು ಸಾಮಾನ್ಯವಾಗಿ ಬೆಳಕು ಮೊದಲಿನ 70 ಶೇಕಡಾಕ್ಕೆ ಇಳಿಯುವ ಹೊತ್ತಿನಿಂದ ಅಳೆಯುತ್ತಾರೆ. ಅದು 50,000 ಗಂಟೆ ಎಂದು ತಯಾರಕರು ಹೇಳಿದ್ದರೆ, ದಿನಕ್ಕೆ 12 ಗಂಟೆಯಂತೆ ಹನ್ನೊಂದು ವರ್ಷಕ್ಕೂ ತುಸು ಹೆಚ್ಚು. ಅಷ್ಟು ಕಾಲ ತಂತ್ರಾಂಶ ಬರೆದ ಸಂಶೋಧನಾ ವಿದ್ಯಾರ್ಥಿ ಅಲ್ಲಿರುವುದಿಲ್ಲ. ಆದ್ದರಿಂದ ನಿಯಂತ್ರಕಕ್ಕೆ ಕಟ್ಟಡದ ನಿರ್ವಹಣಾ ವಿಭಾಗದಲ್ಲಿ ಒಬ್ಬರು ಹೊಣೆಗಾರರಿರಬೇಕು, ಪಾಸ್‌ವರ್ಡ್ ಮತ್ತು ತಂತಿಗಳ ನಕ್ಷೆ ಕಾಗದದ ಮೇಲೆ ನಿಯಂತ್ರಕದ ಪೆಟ್ಟಿಗೆಯೊಳಗೇ ಇರಬೇಕು. ಬೇರೆ ಕಂತಿನಲ್ಲಿ ತಯಾರಾದ ಎಲ್‌ಇಡಿಗಳ ಬಣ್ಣ ತುಸು ಬೇರೆಯಾಗಿ ಎದ್ದು ಕಾಣುವುದರಿಂದ, ಮೊದಲ ಖರೀದಿಯಲ್ಲೇ ಒಂದೆರಡು ತುಂಡುಗಳಿಗಾಗುವಷ್ಟು ಹೆಚ್ಚುವರಿ ಸ್ಟ್ರಿಪ್ ತರಿಸಿ ಎತ್ತಿಡಬೇಕು. ಗಂಟೆಗಂಟೆಯ ಎಣಿಕೆಯನ್ನು ದಾಖಲಿಸುತ್ತ ಹೋಗಬೇಕು. ವಾಯುಭಾರ ಏರಿದಾಗ ಎಣಿಕೆ ಕೊಂಚ ಇಳಿಯುವುದು ಸಹಜ, ಅದಕ್ಕೆ ರಿಪೇರಿ ಬೇಡ. ಅದನ್ನು ಮೀರಿ ದಿನಗಟ್ಟಲೆ ಏರುತ್ತಲೋ ಇಳಿಯುತ್ತಲೋ ಹೋದರೆ ಮೊದಲು ಕಪಾಟಿನ ತಾಪಮಾನವನ್ನು ನೋಡಬೇಕು, ಆಮೇಲೆ ಟಾರ್ಚ್ ಹಿಡಿದು ಟೇಪಿನ ಮೂಲೆಗಳನ್ನು ಪರೀಕ್ಷಿಸಬೇಕು. ತಂತ್ರಾಂಶವನ್ನು ತೆರೆಯುವುದು ಎಲ್ಲಕ್ಕಿಂತ ಕೊನೆಗೆ.